ದೇವದೂತನಿಗೆ ಅವಸರ ಮಾಡಬೇಡಿ

ಡಿಸೆಂಬರ್ ಕೊನೆಗೆ ಧಾರವಾಡದಲ್ಲಿ ಸ್ವೆಟರ್ ಹೊರಬೀಳುತ್ತವೆ. ಮನೆಮಂದಿಯೆಲ್ಲ ಕೂತು ಒಂದು ಕ್ರಿಸ್‌ಮಸ್ ಸಿನಿಮಾ ನೋಡೋಣವೆಂಬ ಮಾತೂ ಏಳುತ್ತದೆ. ಮೊದಲ ಸಲವಾದರೆ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಹಚ್ಚಿರಿ. ಇದರಲ್ಲಿ ದೇವದೂತನಿದ್ದಾನೆ, ಆದರೆ ನಾಯಕನ ಎದುರು ಬರುವುದು ಒಂದೂವರೆ ತಾಸು ದಾಟಿದ ಮೇಲೆ. ಅಲ್ಲಿಯತನಕ ಪವಾಡಕ್ಕೆ ಕಾಯುತ್ತ ಕೂಡಬೇಡಿ, ಸಾಲದ ಲೆಕ್ಕ ನೋಡಿ.

ಜಾರ್ಜ್ ಬೇಲಿಗೆ ದೇಶ ಸುತ್ತುವ ಹುಚ್ಚು. ಅಪ್ಪ ತೀರಿಕೊಂಡ ಮೇಲೆ, ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಸಣ್ಣ ಸಂಸ್ಥೆ ಅವನ ಕೊರಳಿಗೆ ಬೀಳುತ್ತದೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಆಗ ಧಾರವಾಡ ಜಿಲ್ಲೆಯದೇ ಊರು. ಠೇವಣಿ ಇಟ್ಟವರು ಗಾಳಿಮಾತಿಗೆ ಹೆದರಿ ಸೊಸೈಟಿ ಬಾಗಿಲಿಗೆ ಮುಗಿಬಿದ್ದರೆ ಏನಾದೀತೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಜಾರ್ಜನ ಮದುವೆಯ ದಿನವೇ ಹಾಗಾಗುತ್ತದೆ. ಮಧುಚಂದ್ರಕ್ಕೆಂದು ಇಟ್ಟ ಎರಡು ಸಾವಿರ ಡಾಲರನ್ನು ಹೆಂಡತಿ ಎತ್ತಿ ತೋರಿಸುತ್ತಾಳೆ, ಇವನು ಕೌಂಟರಿನಲ್ಲಿ ನಿಂತು ಹಂಚುತ್ತಾನೆ. ಮೊದಲನೆಯವನು ತನ್ನ ದುಡ್ಡು ಪೂರಾ ಬೇಕೆಂದು ಹಟ ಹಿಡಿಯುತ್ತಾನೆ. ಆಮೇಲೆ ಒಬ್ಬ ಹೆಂಗಸು ಹದಿನೇಳೂವರೆ ಡಾಲರ್ ಸಾಕೆಂದು ಕೇಳುತ್ತಾಳೆ. ಜಾರ್ಜ್ ಸಟ್ಟನೆ ಬಾಗಿ ಆಕೆಗೆ ಮುತ್ತಿಡುತ್ತಾನೆ. ಈ ಹೊತ್ತಿನಲ್ಲಿ ನೀವು ಫೋನ್ ನೋಡುತ್ತ ಕೂತರೆ ಮುಂದೆ ದೇವದೂತ ಬಂದರೂ ಅಷ್ಟಕ್ಕಷ್ಟೇ. ಜಾರ್ಜನ ಮನೆಯ ಮೆಟ್ಟಿಲ ಕಟಾಂಜನದ ತುದಿಯ ಗುಂಡಿನ ಮೇಲೂ ಒಂದು ಕಣ್ಣಿರಲಿ. ಮುಟ್ಟಿದರೆ ಕೈಗೇ ಕಿತ್ತುಬರುತ್ತದೆ. ಅದು ಏಕೆ ಮುಖ್ಯವೆಂದು ಹೇಳಿದರೆ ಸಿನಿಮಾ ಕೆಡುತ್ತದೆ.

ಕೊನೆಗೂ ಬರುವ ದೇವದೂತ ಇನ್ನೂ ರೆಕ್ಕೆ ಸಿಗದ ಮುದುಕ. ಸಾಯಲು ಸೇತುವೆಗೆ ಬಂದವನನ್ನು ಉಳಿಸಲು ತಾನೇ ಹೊಳೆಗೆ ಹಾರುತ್ತಾನೆ. ಮುಳುಗುವವರನ್ನು ಕಂಡು ಜಾರ್ಜ್ ಸುಮ್ಮನಿರಲಾರ ಎಂಬುದು ಅವನಿಗೆ ಗೊತ್ತು, ನಮಗೂ ಅಷ್ಟೊತ್ತಿಗೆ ಗೊತ್ತಾಗಿರುತ್ತದೆ. ‘ಹಿಂಗೂ ಇರ್ತದೇನ್ರೀ?’ ಎನ್ನಬೇಡಿ. ಬರಿಯ ಅಟ್ಟವನ್ನು ದ್ವಾರಕೆಯೆಂದು ಒಪ್ಪಿ ಬೆಳತನಕ ಶ್ರೀಕೃಷ್ಣ ಪಾರಿಜಾತ ನೋಡಿದ ಸೀಮೆ ನಮ್ಮದು.

ಹಿಮವನ್ನೂ ಗಮನಿಸಿ. ಆಗೆಲ್ಲ ಕಾರ್ನ್‌ಫ್ಲೇಕ್ಸ್‌ಗೆ ಬಿಳಿ ಬಣ್ಣ ಬಳಿದು ಸುರಿಯುತ್ತಿದ್ದರು. ಕಾಲಡಿಯ ಕರಕರ ಸದ್ದಿಗೆ ಮಾತನ್ನು ಆಮೇಲೆ ಕೂಡಿಸಬೇಕಾಗುತ್ತಿತ್ತು. ಇಲ್ಲಿ ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿದರು. ಚಿತ್ರೀಕರಣ ನಡೆದದ್ದು ಕಡುಬೇಸಿಗೆಯಲ್ಲಿ, ಸೇತುವೆಯ ಮೇಲೆ ಜಾರ್ಜನ ಪಾತ್ರ ಮಾಡಿದ ಜೇಮ್ಸ್ ಸ್ಟುವರ್ಟ್‌ನ ಮುಖ ಬೆವರಿರುವುದು ಕಾಣುತ್ತದೆ. ಬಣ್ಣ ಹಚ್ಚಿದ ಪ್ರತಿಯೂ ಸಿಗುತ್ತದೆ. ನನ್ನ ಮಾತು ಕೇಳಿ, ಕಪ್ಪು-ಬಿಳುಪಿನದನ್ನೇ ನೋಡಿ.

ಬಿಡುಗಡೆಯಾದಾಗ ಇದು ಅಷ್ಟೇನೂ ಗಳಿಸಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸದೆ ಬಿಟ್ಟದ್ದರಿಂದ ಅಮೆರಿಕದ ಟಿವಿಗಳು ಪುಕ್ಕಟೆಯಾಗಿ ತೋರಿಸತೊಡಗಿದವು, ವರ್ಷವರ್ಷವೂ ನೋಡುವ ರೂಢಿಯೂ ಬಿತ್ತು.

ಸಣ್ಣ ಮಕ್ಕಳು ನಡುವೆ ಎದ್ದುಹೋದರೆ ಬೈಯಬೇಡಿ. ಅವರಿಗೆ ಮರುದಿನ ‘ದಿ ಪೋಲಾರ್ ಎಕ್ಸ್‌ಪ್ರೆಸ್’ (2004) ತೋರಿಸಿ. 1,507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯ ಹುಡುಗರಿಗೆ, ನಡುರಾತ್ರಿ ಮನೆ ಮುಂದೆ ರೈಲು ಬಂದು ನಿಂತರೆ ಅದೇನು ದೊಡ್ಡ ಮಾತಲ್ಲ.