ಕೂಡಿಟ್ಟ ಮುನ್ನೂರು ರಜೆ

ಸರ್ಕಾರಿ ನೌಕರರ ಲೆಕ್ಕಕ್ಕೆ ವರ್ಷಕ್ಕೆ 30 ಗಳಿಕೆ ರಜೆ ಜಮಾ ಆಗುತ್ತದೆ. 300 ತುಂಬಿತೆಂದರೆ ಅಲ್ಲಿಗೆ ನಿಂತಿತು. ನಿವೃತ್ತಿಯಾದಾಗ ಅಷ್ಟೂ ದಿನ ಹಣವಾಗಿ ಕೈಗೆ ಬರುತ್ತದೆ, ಹೆಚ್ಚುಕಡಿಮೆ ಹತ್ತು ತಿಂಗಳ ಸಂಬಳ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಉಪವಿಭಾಗದಲ್ಲಿ ಈ ಮುನ್ನೂರಕ್ಕೆ ಭಾರಿ ಮರ್ಯಾದೆ. ಮಳೆ ನಂಬಿ ಕೆಟ್ಟ ಮನೆಗಳಲ್ಲಿ ಸಂಬಳ ಹಿಡಿದ ಮೊದಲ ತಲೆಮಾರಿನವರು ಇಲ್ಲಿನ ನೌಕರರು. ಒಂದು ದಿನ ಪೋಲಾದರೂ ಹೊಟ್ಟೆ ಉರಿಯುತ್ತದೆ. ಇಂಥವರೊಬ್ಬರಿಗೆ “ಆರು ತಿಂಗಳು ಎಲ್ಲಾದರೂ ತಿರುಗಿಕೊಂಡು ಬನ್ನಿ ಸ್ವಾಮಿ” ಎಂದು ಹೇಳಿ ನೋಡಿ. “ರಿಟೈರ್ಡ್ ಆಗ್ಲಿ ಬಿಡಿ, ಆಮೇಲೆ ಅದೇ ಕೆಲಸ” ಎನ್ನುತ್ತಾರೆ.

ಆಮೇಲೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಮಂಡಿ ಮುಷ್ಕರ ಹೂಡುತ್ತದೆ, ಸಕ್ಕರೆ ಏರುತ್ತದೆ, ಮೊಮ್ಮಗುವನ್ನು ನೋಡಿಕೊಳ್ಳಲು ಬೆಂಗಳೂರಿನಿಂದ ಕರೆ ಬರುತ್ತದೆ. ಕೊನೆಗೆ ಉಳಿಯುವುದು ಕಾಶಿ ರೈಲು. 2022ರ ನವೆಂಬರಿನಲ್ಲಿ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಎಂಟು ದಿನಕ್ಕೆ 20,000 ರೂಪಾಯಿ ಇಟ್ಟಿದ್ದರು, ಅದರಲ್ಲಿ 5,000 ಸರ್ಕಾರದ ಸಹಾಯಧನ. ಅದನ್ನು ಹಗುರವಾಗಿ ಕಾಣುವ ಮನುಷ್ಯ ನಾನಲ್ಲ. ಕೈಯಲ್ಲಿ ಕಾಸಿಲ್ಲದ ಎಷ್ಟೋ ಹಿರಿಯರು ಅದರಿಂದ ಗಂಗೆ ಕಂಡಿದ್ದಾರೆ. ಆದರೆ ಮೂವತ್ತು ವರ್ಷ ರಜೆ ಕೂಡಿಟ್ಟವರಿಗೆ ಸಿಕ್ಕಿದ್ದು ಎಂಟು ದಿನ ಎಂದರೆ ಲೆಕ್ಕ ಎಲ್ಲೋ ತಪ್ಪಿದೆ.

ತಿಂಗಳುಗಟ್ಟಲೆ ತಿರುಗುವುದು ಪೇಟೆ ಹುಡುಗರ ಹೊಸ ಶೋಕಿ ಎನ್ನುವವರಿದ್ದಾರೆ. ನಮ್ಮ ಸೀಮೆಯಲ್ಲಿ ಕೂತು ಹಾಗೆ ಹೇಳಲು ಧೈರ್ಯ ಬೇಕು. ಶಿರಾ, ಪಾವಗಡದ ಹಟ್ಟಿಗಳ ಕುರಿಗಾರರು ಬೆಳೆ ಒಳಗೆ ಬಂದ ಮೇಲೆ ಊರು ಬಿಡುವುದು ಇವತ್ತಿಗೂ ಉಂಟು. ನಾಲ್ಕಾರು ಮನೆಯ ಕುರಿಗಳು ಒಂದು ಮಂದೆಯಾಗುತ್ತವೆ. ಹಿಂದೆ ಕತ್ತೆಯ ಮೇಲೆ, ಈಗ ಹಲವೆಡೆ ಸಣ್ಣ ಟೆಂಪೊದಲ್ಲಿ, ಪಾತ್ರೆ, ಹಿಟ್ಟು, ಬಲೆ, ಗುಡಾರ, ನಡೆಯಲಾರದ ಎಳೆ ಮರಿಗಳು. ಹೆಗಲಿಗೆ ಕರಿ ಕಂಬಳಿ, ಹಿಂದೆ ನಾಯಿ. ಕೊಯ್ದ ಭತ್ತದ ಗದ್ದೆಗಳಿರುವ ನೀರಾವರಿ ಸೀಮೆಗೆ, ತೆಂಗು ಅಡಿಕೆ ತೋಟಗಳ ಕಡೆಗೆ ಹೊರಟರೆ ಮತ್ತೆ ಊರ ಕಡೆ ಮುಖ ಮಾಡುವುದು ಮುಂಗಾರಿನ ಮೊದಲ ಹನಿ ಬಿದ್ದ ಸುದ್ದಿ ಮುಟ್ಟಿದಾಗ. ಹಗಲು ಮೇವು, ರಾತ್ರಿ ಯಾರದೋ ಹೊಲದಲ್ಲಿ ಮಂದೆ. ಗೊಬ್ಬರದ ಆಸೆಗೆ ಹೊಲದವನು ರಾತ್ರಿಗಿಷ್ಟೆಂದು ದುಡ್ಡು ಕೊಡುತ್ತಾನೆ, ಇಲ್ಲವೇ ಕಾಳು ಅಳೆಯುತ್ತಾನೆ. ಒಂದೊಂದು ಊರಿನಲ್ಲೂ ಚೌಕಾಸಿ, ಒಂದೊಂದು ಊರಿನಲ್ಲೂ ಹಳೆಯ ಪರಿಚಯ. ತೋಳದ ಕಾಟ, ಕಳ್ಳರ ಕಾಟ, ಹೆದ್ದಾರಿ ದಾಟುವಾಗ ಲಾರಿಗಳ ಕಾಟ. ಇದನ್ನು ಪ್ರವಾಸ ಎಂದು ಕರೆದರೆ ಕುರಿಗಾರರು ನಕ್ಕಾರು. ಆದರೆ ಯಾವ ಕೆರೆಯಲ್ಲಿ ನೀರಿದೆ, ಯಾವ ಊರಿನ ಗೌಡ ಜಗಳಗಂಟ, ಯಾವ ಗುಡ್ಡದ ಹುಲ್ಲು ತಿಂದರೆ ಕುರಿ ಕಂದು ಹಾಕುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಕರ್ನಾಟಕವನ್ನು ಅವರಷ್ಟು ಹತ್ತಿರದಿಂದ ಕಂಡವರು ನನ್ನ ಓದಿನ ಗೆಳೆಯರಲ್ಲಿ ಯಾರೂ ಇಲ್ಲ.

ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ಈ ದೇವರು ದನ ಕಾಯ್ದ ವೀರ. ಅವನ ಕಥೆ ಹಾಡುವಾಗ ಊದುವುದು ಗಣೆಯನ್ನು, ಉದ್ದನೆಯ ಬಿದಿರ ಕೊಳಲನ್ನು. ದೇವರೇ ಮೇವು ಹುಡುಕಿ ಅಲೆದ ಸೀಮೆಯಲ್ಲಿ ಅಲೆಯುವವನನ್ನು ಪೋಲಿ ಎನ್ನುವ ಮಾತು ಎಲ್ಲಿಂದ ಬಂತೋ!

ನನ್ನ ತರ್ಕ ಇಷ್ಟು. ಇಲ್ಲಿನ ಬದುಕಿನಲ್ಲಿ ತಿರುಗಾಟಕ್ಕೆ ಬಿಡುವು ಮಾಡಿಕೊಳ್ಳಬೇಕಾಗಿರಲಿಲ್ಲ, ಬಿಡುವು ವರ್ಷದೊಳಗೇ ಇತ್ತು. ಜೂನ್, ಜುಲೈನಲ್ಲಿ ಕಡಲೆಕಾಯಿ ಬಿತ್ತಿದರೆ ನಾಲ್ಕು ತಿಂಗಳಿಗೆ ಕಿತ್ತಾಯಿತು. ರಾಗಿ ಒಕ್ಕಿ, ಅವರೆ ಸೊಗಡು ಮುಗಿದು, ಹುಣಸೆ ಬಡಿದರೆ ಖುಷ್ಕಿ ರೈತನಿಗೆ ಮುಂದಿನ ಮಳೆತನಕ ಹೊಲದಲ್ಲಿ ಕೆಲಸವಿಲ್ಲ. ಜಾತ್ರೆ, ದನದ ಪರಿಷೆ, ಹರಕೆ, ನೆಂಟರ ಮನೆ, ಕುರಿಯ ಹಿಂದೆ ದೂರದ ಸೀಮೆ ಎಲ್ಲವೂ ಆ ಖಾಲಿ ತಿಂಗಳುಗಳಲ್ಲೇ. ಆಮೇಲೆ ಕೊಳವೆಬಾವಿ ಬಂದು ಬೇಸಿಗೆಯನ್ನೂ ದುಡಿಮೆಗೆ ಹಚ್ಚಿತು. ಸಂಬಳ ಬಂದು ಹನ್ನೆರಡು ತಿಂಗಳನ್ನೂ ಒಂದೇ ಅಳತೆಗೆ ಕತ್ತರಿಸಿತು. ಈಗ ಆರು ತಿಂಗಳು ಕೇಳಿದರೆ ಎಲ್ಲರ ಕಣ್ಣಿಗೂ ಬದುಕಿಗೆ ಬೆನ್ನು ಹಾಕಿದಂತೆ ಕಾಣುತ್ತದೆ.

ಇನ್ನೊಂದು ಬಗೆಯ ಬಿಡುವನ್ನು ಪಾವಗಡ ನೋಡಿದೆ. ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆ ಸೌರ ಫಲಕಗಳ ಕೆಳಗೆ ಹೋಯಿತು. 2018ರ ಮಾರ್ಚ್‌ನಲ್ಲಿ ಸೌರ ಪಾರ್ಕು ಉದ್ಘಾಟನೆಯಾಯಿತು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಎಂದು ಶುರುವಾಯಿತು. ಉಳುವ ಕೆಲಸ ತಪ್ಪಿತು, ಹಣ ಮಾತ್ರ ಬರುತ್ತದೆ. ಹಾಗಾದರೆ ಅಲ್ಲಿನವರು ಲೋಕ ಸುತ್ತಬೇಕಿತ್ತಲ್ಲ? ಹತ್ತಾರು ಎಕರೆ ಇದ್ದವನಿಗೆ ಅದು ಆರಾಮ ಇರಬಹುದು. ಜಮೀನಿಲ್ಲದ ಕೂಲಿಯವನಿಗೆ ಸಿಕ್ಕಿದ್ದು ಬೇಲಿಯ ಹೊರಗೆ ನಿಲ್ಲುವ ಬಿಡುವು, ಕುರಿಯವನಿಗೆ ಮೇವಿನ ನೆಲ ಹೋದ ಬಿಡುವು. ಇವರಿಬ್ಬರು ಬೆಂಗಳೂರಿನ ಬಸ್ಸು ಹತ್ತಿದರೆ ಅದನ್ನು ತಿರುಗಾಟದ ಲೆಕ್ಕಕ್ಕೆ ಸೇರಿಸುವಷ್ಟು ಕಲ್ಲೆದೆ ನನಗಿಲ್ಲ. ಈ ಅಂಕಣದ ಸಲಹೆ ಸಂಬಳದವರಿಗೆ ಮಾತ್ರ.

ಅವರಿಗೆ ಇಬ್ಬರ ಕಥೆ ಹೇಳಬೇಕು. ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದ್ರಾಸು ಬಿಟ್ಟು ಮೈಸೂರು, ಕೆನರಾ, ಮಲಬಾರು ಸುತ್ತಿ ಮುಗಿಸಿದ್ದು ಮರುವರ್ಷದ ಜುಲೈನಲ್ಲಿ. ನಮ್ಮ ಮಧುಗಿರಿ, ಶಿರಾಗಳೂ ಅವನ ದಾರಿಯಲ್ಲಿದ್ದವು. ಹೋದಲ್ಲೆಲ್ಲ ಬೆಳೆ, ದನ, ಮಗ್ಗ, ತೆರಿಗೆ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟವಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಸವಾರಿ ಅದು, ಆಳುವವರ ಅಗತ್ಯದ ಸವಾರಿ. ಓದಬೇಕಾದ ಪುಸ್ತಕ ನಿಜ, ಆದರೆ ಅಲ್ಲಿ ಊರುಗಳು ದಾಸ್ತಾನಿನ ಪಟ್ಟಿಯಂತೆ ಕಾಣುತ್ತವೆ.

ನನಗೆ ಹೆಚ್ಚು ಇಷ್ಟ ಏನುಗುಲ ವೀರಾಸ್ವಾಮಿ. ತೆಲುಗು ಓದಬಲ್ಲ ಪಾವಗಡದವರು ಈತನನ್ನು ಬಿಡಬಾರದು. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿ, ಅಂದರೆ ನಮ್ಮ ಹಾಗೇ ನೌಕರ. 1830ರ ಮೇ 18ರಂದು ಮನೆಯವರನ್ನೂ ಪರಿವಾರವನ್ನೂ ಕಟ್ಟಿಕೊಂಡು ಕಾಶಿಗೆ ಹೊರಟ. ಪಲ್ಲಕ್ಕಿ ಹೊರುವವರೂ ಸೇರಿ ನೂರರ ಹತ್ತಿರದ ಜನ. ಕಡಪ, ಶ್ರೀಶೈಲ, ಹೈದರಾಬಾದು, ನಾಗಪುರದ ಮೇಲೆ ಕಾಶಿ. ಬರುವಾಗ ಗಯಾ, ಕಲ್ಕತ್ತ, ಕರಾವಳಿ. 1831ರ ಸೆಪ್ಟೆಂಬರ್ 3ಕ್ಕೆ ವಾಪಸು. ದಾರಿಯ ಛತ್ರ, ನೀರು, ಸಾಮಾನಿನ ಬೆಲೆ, ಹೊಳೆ ದಾಟಿದ ಬಗೆ ಎಲ್ಲವನ್ನೂ ಬರೆದಿಟ್ಟ. ಹೊರಟಾಗ ಅವನಿಗೆ ಐವತ್ತರ ಪ್ರಾಯ. 1836ರಲ್ಲಿ ತೀರಿಕೊಂಡ. ರಿಟೈರ್ಡ್ ಆಗಲಿ ಎಂದು ಕೂತಿದ್ದರೆ ತೆಲುಗಿಗೆ ಆ ಕಾಶೀಯಾತ್ರಾ ಚರಿತ್ರೆ ಇರುತ್ತಿರಲಿಲ್ಲ.

ಬೈಕಿನಲ್ಲಿ ಹನ್ನೆರಡು ದಿನಕ್ಕೆ ಲಡಾಖ್ ಮುಟ್ಟಿ ಬರುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯಾಂಕಿನ ಮೇಲೆ ಕಣ್ಣಿಟ್ಟವನಿಗೆ ದಾರಿ ಕಾಣುವುದು ಕಡಿಮೆ. ಒಂದು ಊರಿಗೆ ಎರಡನೇ ಸಲ ಹೋಗಿ, ಅಲ್ಲಿನ ಹೋಟೆಲಿನವನು ಕೇಳದೆ ಕಾಫಿ ಇಡುವಷ್ಟು ದಿನ ಇರಲಾಗದಿದ್ದರೆ ಅದು ದೀರ್ಘ ಪ್ರಯಾಣವಲ್ಲ, ಬರೀ ಉದ್ದ ಪ್ರಯಾಣ.

ಹಾಗಾಗಿ, ಹೋಗಬೇಕೆ? ಹೋಗಬೇಕು. ಐವತ್ತರ ಒಳಗೇ ಹೋಗಬೇಕು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಬಡ್ಡಿ ಸಾಲ ಕುತ್ತಿಗೆಗೆ ಬಂದಿದ್ದರೆ ಬೇಡ. ಉಳಿದ ನೆಪಗಳನ್ನು ನಾನು ಒಪ್ಪುವುದಿಲ್ಲ. ಮುನ್ನೂರರಲ್ಲಿ ಅರ್ಧ ಖರ್ಚು ಮಾಡಿ, ಅರ್ಧ ಮುಪ್ಪಿಗಿರಲಿ. ಕುರಿಗಾರರ ಪಂಚಾಂಗವನ್ನೇ ಹಿಡಿಯಿರಿ: ಚಳಿಗಾಲದಲ್ಲಿ ಹೊರಟು ಮುಂಗಾರಿಗೆ ಮನೆ. ಮೊದಲ ಹದಿನೈದು ದಿನ ಇಲ್ಲೇ ನಡೆಯಿರಿ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲೆ, ಮಿಡಿಗೇಶಿ, ನಿಡಗಲ್ಲು: ಕೋಟೆಯಿಂದ ಕೋಟೆಗೆ ದಾರಿ ಕೂಡುತ್ತದೆ. ನಡುವೆ ಮೈದನಹಳ್ಳಿಯ ಹುಲ್ಲುಗಾವಲಲ್ಲಿ ಕೃಷ್ಣಮೃಗ ನೋಡಬಹುದು, ಕಗ್ಗಲಡುವಿನ ಹುಣಸೆ ಮರಗಳಲ್ಲಿ ಕೊಕ್ಕರೆ ಗೂಡು ನೋಡಬಹುದು. ಕಾಲು ಪಳಗುತ್ತದೆ, ಒಬ್ಬರೇ ಉಣ್ಣುವುದು, ಗೊತ್ತಿಲ್ಲದ ಜಗುಲಿಯಲ್ಲಿ ಮಲಗುವುದು ರೂಢಿಯಾಗುತ್ತದೆ. ಅಷ್ಟಕ್ಕೇ ಸಾಕೆನಿಸಿದರೆ ಮನೆ ಹತ್ತಿರದಲ್ಲೇ ಇದೆ, ರಜೆ ರದ್ದು ಮಾಡಿಸಿ.

ಕುರಿಗಾರರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಮಂದೆ ಹೊರಡುವ ಮುನ್ನ ಯಾರು ಹೋಗುವುದು, ಯಾರು ಉಳಿಯುವುದು, ಮುದುಕಿಯ ಔಷಧಿ ಯಾರು ತರುವುದು, ಸತ್ತ ಕುರಿಯ ನಷ್ಟ ಯಾರ ಪಾಲಿಗೆ ಎಂಬುದೆಲ್ಲ ಇತ್ಯರ್ಥವಾಗಿರುತ್ತದೆ. ಸಂಬಳದ ಗಂಡಸು ಮಾತ್ರ ಈ ಪಂಚಾಯ್ತಿ ತಪ್ಪಿಸಿಕೊಂಡು ಹೊರಟುಬಿಡಲು ನೋಡುತ್ತಾನೆ. ಅವನು ಊರು ಸುತ್ತುವಾಗ ಮಕ್ಕಳ ಪರೀಕ್ಷೆ, ಗ್ಯಾಸ್ ಸಿಲಿಂಡರು, ಅತ್ತೆಯ ಬಿಪಿ ಮಾತ್ರೆ, ತನ್ನದೇ ಕಚೇರಿಯ ಹಾಜರಿ ಎಲ್ಲವೂ ಹೆಂಡತಿಯ ತಲೆಗೆ. ಅವಳ ಲೆಕ್ಕದಲ್ಲೂ ರಜೆ ಇದೆ ಎಂಬುದು ನೆನಪಿರಲಿ. ಒಂದು ವರ್ಷ ಇವರು, ಇನ್ನೊಂದು ವರ್ಷ ಅವರು ಎಂದು ಮೊದಲೇ ಮಾತಾಗಲಿ. ಮೊದಲ ಸರದಿ ಅವಳದಾದರೆ ಇನ್ನೂ ಒಳ್ಳೆಯದು: ಐದು ತಿಂಗಳು ಮನೆ ನಡೆಸಿದ ಮೇಲೂ ಗಂಡನಿಗೆ ತಿರುಗುವ ಆಸೆ ಉಳಿದಿದ್ದರೆ ಅರ್ಜಿ ಬರೆಯಲಿ.