ಸಾವಿರ ಲೋಕದ ಗಂಟು

ನಮ್ಮ ಯಡಿಯೂರಿನ ಕಡೆ ಪಾಳುಗುಡಿಯ ಹಿಂದೆ ಹೊಸ ಗುಂಡಿ ಕಂಡರೆ ಜನ ಒಂದೇ ಮಾತು ಆಡುತ್ತಾರೆ: 'ನಿಧಿಗೆ ಅಗೆದಿದ್ದಾರೆ.' ಅದರ ಬೆನ್ನಿಗೇ ಇನ್ನೊಂದು: 'ಕಂಡೋರ ಗಂಟು ದಕ್ಕುತ್ತಾ?' ನಮ್ಮ ನಿಧಿಯ ಕತೆಗಳಲ್ಲಿ ಕೊಪ್ಪರಿಗೆಯ ಮೇಲೆ ಸರ್ಪವೊಂದು ಕಾವಲಿರುತ್ತದೆ. ಈ ಬಂಗಾರಕ್ಕೆ ಒಡೆಯರೊಬ್ಬರು ಇದ್ದರು ಎಂಬುದಕ್ಕೆ ಅದೇ ಗುರುತು. ಡಿಸ್ನಿಯ 'ಟ್ರೆಷರ್ ಪ್ಲಾನೆಟ್' ಚಿತ್ರವನ್ನು ಈಚೆಗೆ ಮತ್ತೆ ನೋಡುವಾಗ ನಾನು ಹುಡುಕಿದ್ದು ಆ ಒಡೆಯರನ್ನು.

ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 2002ರಲ್ಲಿ. ಸ್ಟೀವನ್ಸನ್ನನ 1883ರ 'ಟ್ರೆಷರ್ ಐಲ್ಯಾಂಡ್' ಕಾದಂಬರಿಯನ್ನು ಅದು ಬಾಹ್ಯಾಕಾಶಕ್ಕೆ ಒಯ್ಯುತ್ತದೆ. ಹಡಗು ಹಳೆಯ ಮರದ್ದೇ. ಅದರ ಹಾಯಿಗಳು ಮಾತ್ರ ಗಾಳಿಯ ಬದಲು ನಕ್ಷತ್ರಗಳ ಬೆಳಕನ್ನು ಹಿಡಿಯುತ್ತವೆ. ಅಪ್ಪ ಬಿಟ್ಟುಹೋದ ಹುಡುಗ ಜಿಮ್‌ಗೆ ಹಡಗಿನ ಅಡುಗೆಯವನು ಸಿಲ್ವರ್ ಅಪ್ಪನಂತಾಗುತ್ತಾನೆ. ಸಿಲ್ವರ್ ಅರ್ಧ ಮನುಷ್ಯ, ಅರ್ಧ ಯಂತ್ರ. ಅವನ ಮೈಯನ್ನು ಕೈಯಲ್ಲಿ ಬರೆದು, ಯಂತ್ರದ ತೋಳನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಅವನೊಳಗಿನ ಅಕ್ಕರೆ ಮತ್ತು ಆಸೆಯ ಜಗಳ ಹೀಗೆ ಚಿತ್ರದ ಗೆರೆಯಲ್ಲೇ ಕಾಣುತ್ತದೆ. ಕೊನೆಗೆ ಅವನು ದೋಣಿ ತುಂಬ ಬಂಗಾರವನ್ನು ಕೈಬಿಟ್ಟು ಜಿಮ್‌ನನ್ನು ಹಿಡಿದುಕೊಳ್ಳುವ ಗಳಿಗೆ ಈಗಲೂ ನನ್ನ ಗಂಟಲು ಕಟ್ಟಿಸುತ್ತದೆ.

ಆದರೂ ಕಸಿವಿಸಿ ಉಳಿಯುತ್ತದೆ. ಆ ಗ್ರಹದೊಳಗೆ ಇರುವುದು ಫ್ಲಿಂಟ್ ಎಂಬ ಕಡಲ್ಗಳ್ಳ ಸಾವಿರ ಲೋಕಗಳಿಂದ ದೋಚಿ ತಂದ ಮಾಲು. ಅವನ ಬಳಿ ಎಲ್ಲಿಗೆ ಬೇಕಾದರೂ ತೆರೆದುಕೊಳ್ಳುವ ಬಾಗಿಲೊಂದಿತ್ತು. ಅದರಿಂದ ನುಗ್ಗಿ, ಕದ್ದು, ಅದರಲ್ಲೇ ಮಾಯವಾಗುತ್ತಿದ್ದ. ಗ್ರಹ ಸಿಡಿಯುವಾಗ ಜಿಮ್ ಅದೇ ಬಾಗಿಲನ್ನು ತನ್ನ ಊರಿನ ಬಂದರಿನತ್ತ ತಿರುಗಿಸಿ ಎಲ್ಲರನ್ನೂ ಉಳಿಸುತ್ತಾನೆ. ಕದ್ದದ್ದನ್ನು ಕದ್ದಲ್ಲಿಗೇ ಮರಳಿಸಬಲ್ಲ ಬಾಗಿಲೂ ಅದೇ ಆಗಿತ್ತು. ಆ ಯೋಚನೆ ಇಡೀ ಚಿತ್ರದಲ್ಲಿ ಯಾರಿಗೂ ಬರುವುದಿಲ್ಲ.

ಸಿಡಿಯುವ ಗ್ರಹದಲ್ಲಿ ಪುರುಸೊತ್ತೆಲ್ಲಿ ಎನ್ನಬಹುದು. ಆದರೆ ಗ್ರಹ ಸಿಡಿಯಬೇಕೆಂದು ಬರೆದವರು ಕತೆಗಾರರೇ ತಾನೆ? ನಿಧಿ ಸುಟ್ಟುಹೋದರೆ ಹುಡುಗ ದೊಡ್ಡವನಾಗುತ್ತಾನೆ. ಅದು ಯಾರದ್ದು ಎಂಬ ಪ್ರಶ್ನೆಯೂ ಅದರೊಂದಿಗೆ ಸುಟ್ಟುಹೋಗುತ್ತದೆ. ಸಿಲ್ವರ್ ಉಳಿಸಿಕೊಂಡಿದ್ದ ಒಂದು ಹಿಡಿ ಬಂಗಾರ ಜಿಮ್‌ನ ತಾಯಿಯ ಸುಟ್ಟ ಛತ್ರವನ್ನು ಮತ್ತೆ ಕಟ್ಟಲು ಸಾಕಾಗುತ್ತದೆ. ಸಾವಿರ ಲೋಕಗಳಲ್ಲಿ ಸುಟ್ಟ ಮನೆಗಳ ಸುದ್ದಿಯೇ ಇಲ್ಲ. ಸ್ಟೀವನ್ಸನ್ನನ ಪುಸ್ತಕಕ್ಕೆ ಐದು ವರ್ಷ ಮೊದಲು, 1878ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ನಿಧಿಯ ಕಾಯಿದೆ ಬಂದಿತ್ತು. ನಿಧಿ ಸಿಕ್ಕಿದರೆ, ಹಕ್ಕುದಾರರಿದ್ದರೆ ಬನ್ನಿ ಎಂದು ಕಲೆಕ್ಟರ್ ಪ್ರಕಟಣೆ ಹೊರಡಿಸಬೇಕಿತ್ತು. ತಾನೇ ಲೂಟಿಕೋರನಾದ ಸರ್ಕಾರಕ್ಕೂ ಕಾಗದದ ಮೇಲಾದರೂ ಕೇಳಬೇಕೆನಿಸಿದ ಪ್ರಶ್ನೆಯದು.

ಸಚಿನ್ ರವಿ ನಿರ್ದೇಶನದ 'ಅವನೇ ಶ್ರೀಮನ್ನಾರಾಯಣ' (2019) ಬಾಹ್ಯಾಕಾಶದ ಕತೆಯಲ್ಲ. ಅದರ ಅಮರಾವತಿ ಕಾಲ್ಪನಿಕ ಊರು. ಉದ್ದ ಹೆಚ್ಚಾಯಿತು, ಜಾಣತನವೂ ಹೆಚ್ಚಾಯಿತು ಎಂಬ ದೂರು ನನ್ನದೂ ಹೌದು. ಆದರೆ ಅಲ್ಲಿ ನಿಧಿಯ ಹಿಂದೆ ಕೊಲೆಯಾದ ನಾಟಕದ ಕಲಾವಿದರಿದ್ದಾರೆ. ಗುಬ್ಬಿ ಕಂಪನಿಯ ಸೀಮೆಯವನಾದ ನನಗೆ ಅವರು ಅಪರಿಚಿತರಲ್ಲ. ಒಗಟು ಬಿಡಿಸುವ ಖುಷಿಯ ನಡುವೆಯೂ ಆ ಬಂಗಾರಕ್ಕೆ ಯಾರು ಬೆಲೆ ತೆತ್ತರು ಎಂಬುದು ಮರೆಯುವುದಿಲ್ಲ.

'ಟ್ರೆಷರ್ ಪ್ಲಾನೆಟ್' ನನಗೆ ಇಷ್ಟದ ಚಿತ್ರವೇ. ಇನ್ನೊಮ್ಮೆಯೂ ನೋಡುತ್ತೇನೆ. ಆದರೆ ಮೊದಲ ದೃಶ್ಯದಲ್ಲಿ ಪುಟ್ಟ ಜಿಮ್ ಹಾಸಿಗೆಯಲ್ಲಿ ಕೂತು, ಪುಸ್ತಕದಿಂದ ಎದ್ದುಬರುವ ಲೂಟಿಯನ್ನು ಕಣ್ಣರಳಿಸಿ ನೋಡುವಾಗ, ದೋಚಿಸಿಕೊಳ್ಳುತ್ತಿರುವ ಆ ವ್ಯಾಪಾರಿ ಹಡಗಿನಲ್ಲಿ ಯಾರಿದ್ದರು ಎಂದು ಈಗ ನನ್ನ ಕಣ್ಣು ಹುಡುಕುತ್ತದೆ.