ಹಾಫ್ ನೋಟಿನ ಗಿಟಾರು: ಒಂದು ಪುನಃಪ್ರಕಟನೆಯ ವಿಚಾರ

ಅಮೆರಿಕದ ಜ್ಯಾಸ್ ಗಿಟಾರುವಾದಕ ವೆಸ್ ಮಾಂಟ್‌ಗೊಮೆರಿಯ (1923–1968) 'ಸ್ಮೋಕಿನ್ ಅಟ್ ದಿ ಹಾಫ್ ನೋಟ್' ಎಂಬ ಧ್ವನಿಮುದ್ರಿಕೆಯಲ್ಲಿ ಮೊದಲು ಇದ್ದುದು ಐದು ಕೃತಿಗಳು. 2005ರಲ್ಲಿ ವರ್ವ್ ಕಂಪನಿಯವರು ಅದನ್ನು ಪುನಃ ಪ್ರಕಟಿಸಿದಾಗ ಅವು ಹನ್ನೊಂದಾದುವು. ಹೆಚ್ಚಿನ ಆರು ಎಲ್ಲಿದ್ದುವು, ಯಾವ ವೇಷದಲ್ಲಿದ್ದುವು ಎಂಬುದನ್ನರಿಯದೆ ಈ ಪ್ರಕಟನೆಯ ಬೆಲೆಯನ್ನು ಕಟ್ಟುವಂತಿಲ್ಲ.

ವೆಸ್ ಗಿಟಾರನ್ನು ಬಿಲ್ಲೆಯಿಂದ ಮೀಟಿದವನಲ್ಲ, ಹೆಬ್ಬೆರಳಿನಿಂದ ಮೀಟಿದವನು. ಆದಕಾರಣ ಅವನ ನಾದದಲ್ಲಿ ಲೋಹದ ಕಟುತ್ವವಿಲ್ಲ, ಮಾಂಸಲವಾದೊಂದು ಮಾರ್ದವವುಂಟು. ಮೊದಲು ಒಂಟಿ ಸ್ವರಗಳಲ್ಲಿ ರಾಗವನ್ನು ಬಿಡಿಸುವನು. ಅನಂತರ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಸುವನು. ಕಡೆಗೆ ಸ್ವರಗಳ ಗುಚ್ಛಗಳಿಂದ ಶಿಖರವನ್ನು ಮುಟ್ಟುವನು. ಈ ಏರಿಕೆಗೆ ಬಯಲು ಬೇಕು. ಹಿಮ್ಮೇಳದವರು ಎಲ್ಲಿ ಸುಮ್ಮನಿರಬೇಕೆಂಬುದನ್ನು ಬಲ್ಲವರಾಗಿರಬೇಕು. ಪಿಯಾನೋದ ವಿಂಟನ್ ಕೆಲಿ, ಬೇಸಿನ ಪಾಲ್ ಚೇಂಬರ್ಸ್, ಡ್ರಮ್ಮಿನ ಜಿಮ್ಮಿ ಕಾಬ್ ಅಂಥವರೇ. ಮೂವರೂ ಮೈಲ್ಸ್ ಡೇವಿಸನ ಮೇಳದಲ್ಲಿ ಪಳಗಿದವರು.

1965ರ ಜೂನಿನಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಎಂಬ ಸಂಗೀತಶಾಲೆಯಲ್ಲಿ, ಶ್ರೋತೃಗಳ ಸಮಕ್ಷದಲ್ಲಿ, ಈ ನಾಲ್ವರ ವಾದನವನ್ನು ಮುದ್ರಿಸಿಕೊಂಡರು. ಆದರೆ ನಿರ್ಮಾಪಕ ಕ್ರೀಡ್ ಟೇಲರನು ಅದರಿಂದ ಆರಿಸಿಕೊಂಡದ್ದು ಎರಡನ್ನೇ: ಸುಮಾರು 13 ನಿಮಿಷದ 'ನೋ ಬ್ಲೂಸ್' ಮತ್ತು 'ಇಫ್ ಯು ಕುಡ್ ಸೀ ಮಿ ನೌ'. ಎರಡನೆಯ ಮಗ್ಗುಲಿನ ಮೂರನ್ನು ಅದೇ ಸೆಪ್ಟೆಂಬರಿನಲ್ಲಿ ನ್ಯೂ ಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸಿನಲ್ಲಿ ರೂಡಿ ವಾನ್ ಗೆಲ್ಡರನ ಮುದ್ರಣಾಲಯದಲ್ಲಿ ನುಡಿಸಿದರು. ಅಂದರೆ ಹೊದಿಕೆಯ ಮೇಲಿನ ಹೆಸರು ಐದರಲ್ಲಿ ಮೂರು ಪಾಲು ಸುಳ್ಳು! ವ್ಯಾಪಾರಿಗಳ ಈ ಜಾಣತನವನ್ನು ಕ್ಷಮಿಸಬಹುದು. ಸಂಗೀತಕ್ಕೆ ಅದರಿಂದ ಹಾನಿಯಾಗಿಲ್ಲ. ಎರಡು ಕಡೆಯೂ ನಾಲ್ವರು ಒಬ್ಬರನ್ನೊಬ್ಬರು ಕೇಳಿಕೊಂಡೇ ನುಡಿಸಿದ್ದಾರೆ.

1968ರ ಜೂನ್ 15ರಂದು ವೆಸ್ ಹೃದಯಾಘಾತದಿಂದ ತೀರಿಕೊಂಡನು. ಆಗ ಪೆಟ್ಟಿಗೆಯಲ್ಲಿ ಉಳಿದಿದ್ದ ಹಾಫ್ ನೋಟಿನ ಮುದ್ರಣಗಳು ನೆನಪಿಗೆ ಬಂದುವು. 'ವಿಲೋ ವೀಪ್ ಫಾರ್ ಮಿ' ಎಂಬ ಹೆಸರಿನಲ್ಲಿ ಅವನ್ನು ಹೊರತರುವಾಗ, ಕೆಲವು ಕೃತಿಗಳ ಮೇಲೆ ಕ್ಲಾಸ್ ಓಗರ್‌ಮನ್ ಬರೆದ ಹಿತ್ತಾಳೆಯ ಮತ್ತು ಮರದ ಊದುವಾದ್ಯಗಳ ಮೇಳವನ್ನು ಹೇರಲಾಯಿತು. ಚಿಕ್ಕ ಮೇಳದ ವಾದನಕ್ಕೆಂದು ಮೀಸಲಾದ ಗ್ರ್ಯಾಮಿ ಬಹುಮಾನವು 1970ರಲ್ಲಿ ಈ ಮುದ್ರಿಕೆಗೇ ಸಂದಿತೆಂಬುದು ವಿನೋದದ ಸಂಗತಿ.

ಇದರಲ್ಲಿ ತಪ್ಪೇನು ಎಂದು ಕೇಳುವವರಿರಬಹುದು. ವೆಸ್ ಬದುಕಿದ್ದಾಗಲೇ ಹೊರಬಂದ 1966ರ 'ಟಕೀಲಾ'ದಲ್ಲಿಯೂ ಇದೇ ಓಗರ್‌ಮನ್ನನ ವಾದ್ಯಯೋಜನೆ ಇದ್ದಿತಷ್ಟೆ? ಇದ್ದಿತು. ಓಗರ್‌ಮನ್ನನು ಅಲ್ಪನೂ ಅಲ್ಲ. ಅವನ ಬರವಣಿಗೆ ಒಪ್ಪವಾಗಿಯೇ ಇದೆ. ಆದರೆ ಅಲ್ಲಿ ವಾದಕನಿಗೆ ಒಪ್ಪಲೋ ಒಲ್ಲೆನೆನ್ನಲೋ ಬಾಯಿಯಿದ್ದಿತು. ಇಲ್ಲಿ ಕಹಳೆಗಳು ಮಾತನಾಡಿಸುತ್ತಿರುವುದು ಉತ್ತರ ಕೊಡಲಾರದವನನ್ನು. ವೆಸ್ ಒಂದು ವಾಕ್ಯವನ್ನು ಮುಗಿಸಿ ತಡೆದ ಕಡೆ, ಕೆಲಿ ಬೇಕೆಂದೇ ಬಿಟ್ಟ ತೆರಪಿನಲ್ಲಿ, ಮೂರು ವರ್ಷಗಳ ಅನಂತರ ಯಾರೋ ಬಂದು ತುಂಬಿಹೋಗಿದ್ದಾರೆ. ಹಳೆಯ ಕಾವ್ಯಗಳನ್ನು ಶೋಧಿಸುವವರು ಇಂಥದನ್ನು ಪ್ರಕ್ಷಿಪ್ತವೆನ್ನುವರು. ಪ್ರಕ್ಷಿಪ್ತ ಪದ್ಯವು ಸೊಗಸಾಗಿದ್ದ ಮಾತ್ರಕ್ಕೆ ಅದು ಕವಿಯದಾಗಲಾರದು.

2005ರ ಪ್ರಕಟನೆ ಮಾಡಿದ ಉಪಕಾರವೆಂದರೆ ಈ ಮೇಲ್ಬರೆಹವನ್ನು ಅಳಿಸಿ ಮೂಲಪಾಠವನ್ನು ಕೊಟ್ಟದ್ದು. ಕೋಲ್ಟ್ರೇನನ 'ಇಂಪ್ರೆಷನ್ಸ್', ಗಾರ್ನರನ 'ಮಿಸ್ಟಿ' ಮೊದಲಾದುವು ಈಗ ನಾಲ್ವರವೇ ಆಗಿ ಕೇಳುತ್ತವೆ. 1969ರ ತಟ್ಟೆಯನ್ನು ಎಸೆಯಬೇಕೆಂದು ನಾವು ಹೇಳುವುದಿಲ್ಲ. ದೊರೆತವರು 'ವಿಲೋ ವೀಪ್ ಫಾರ್ ಮಿ'ಯ ಎರಡು ಪಾಠಗಳನ್ನೂ ಒಂದರ ಹಿಂದೊಂದು ಕೇಳಲಿ. ಹೊಸದರಲ್ಲಿ ಮೊದಲು ಕಿವಿಗೆ ಬೀಳುವುದು ಗಿಟಾರಲ್ಲ, ಅದರ ಬೆನ್ನಿಗೆ ಮೆಲ್ಲನೆ ನಡೆಯುವ ಚೇಂಬರ್ಸನ ಬೇಸು.